ವೆಂಬ್ಲಿಯಿಂದ ಮ್ಯಾಂಚೆಸ್ಟರ್‌ವರೆಗೆ: ಸ್ಪೀಡ್‌ವೇಗೆ ತಕ್ಕ ಅಂಗಳ ಯಾವುದು?

ಸ್ಪೀಡ್‌ವೇ ಬೈಕಿಗೆ ಬ್ರೇಕ್ ಇರುವುದಿಲ್ಲ. ಗೇರೂ ಒಂದೇ. 500 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಅದಕ್ಕೆ ಮೆಥನಾಲ್ ಇಂಧನ. ಹೊರಡುವ ಗೆರೆಗೆ ಅಡ್ಡಲಾಗಿ ಕಟ್ಟಿದ ಟೇಪ್ ಮೇಲಕ್ಕೆ ಹಾರಿದ ಕೂಡಲೇ ನಾಲ್ವರು ಸವಾರರು ಹೊರಟು, ಎಡಕ್ಕೇ ತಿರುಗುತ್ತಾ ನಾಲ್ಕು ಸುತ್ತು ಹಾಕುತ್ತಾರೆ. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿದಿರುತ್ತದೆ. ತಿರುವು ಬಂದಾಗ ಹಿಂದಿನ ಚಕ್ರವನ್ನು ಸಡಿಲ ಮಣ್ಣಿನಲ್ಲಿ ಅಡ್ಡಕ್ಕೆ ಜಾರಿಸಿ, ಉಕ್ಕಿನ ಅಟ್ಟೆ ತೊಟ್ಟ ಎಡಗಾಲನ್ನು ನೆಲಕ್ಕೆ ತಾಗಿಸಿ, ಬೈಕನ್ನು ವಾಲಿಸಿಕೊಂಡೇ ಸುತ್ತಿ ಬರಬೇಕು. ಹಾಗಾಗಿ ಈ ಆಟದಲ್ಲಿ ಬ್ರೇಕೂ ಮಣ್ಣೇ, ಸ್ಟಿಯರಿಂಗೂ ಅರ್ಧಪಾಲು ಮಣ್ಣೇ. ನೆಲ ಗಟ್ಟಿಯಾದರೆ ಚಕ್ರ ಜಾರುವುದಿಲ್ಲ, ಮೆತ್ತಗಾದರೆ ಗುಳಿ ಬೀಳುತ್ತದೆ. ಗುಳಿಗೆ ಸಿಕ್ಕ ಬೈಕು ಸವಾರನನ್ನು ಹೊತ್ತುಕೊಂಡೇ ಬೇಲಿಗೆ ನುಗ್ಗುತ್ತದೆ.

ಇಷ್ಟು ತಿಳಿದಿದ್ದರೆ, ದೊಡ್ಡ ಸ್ಪೀಡ್‌ವೇ ಸ್ಪರ್ಧೆಯನ್ನು ಯಾವ ಕ್ರೀಡಾಂಗಣದಲ್ಲಿ ನಡೆಸಬೇಕು ಎಂಬ ಜಗಳ ತೊಂಬತ್ತು ವರ್ಷಗಳಾದರೂ ಏಕೆ ತೀರಿಲ್ಲ ಎಂಬುದು ಅರ್ಥವಾಗುತ್ತದೆ. ಆಯೋಜಕರು ಮೊದಲು ಕೇಳುವುದು ಕುರ್ಚಿ ಎಷ್ಟಿವೆ ಎಂದು. ಸವಾರರು ಕೇಳುವುದು ಮಣ್ಣು ಹೇಗಿದೆ ಎಂದು. ಎರಡಕ್ಕೂ ಒಟ್ಟಿಗೆ ಒಳ್ಳೆಯ ಉತ್ತರ ಕೊಟ್ಟ ಅಂಗಳಗಳು ತೀರಾ ಕಡಿಮೆ.

ಆಸ್ಟ್ರೇಲಿಯಾದಲ್ಲಿ 1920ರ ದಶಕದಲ್ಲಿ ಬೆಳೆದ ಈ ಆಟ ಬ್ರಿಟನ್ನಿನಲ್ಲಿ ಬೇರುಬಿಟ್ಟದ್ದು 1928ರ ಫೆಬ್ರವರಿ 19ರಂದು, ಲಂಡನ್ನಿನ ಹೊರವಲಯದ ಎಪ್ಪಿಂಗ್ ಕಾಡಿನ ಹೈ ಬೀಚ್ ಎಂಬಲ್ಲಿ. ನಿರೀಕ್ಷೆ ಮೀರಿ ಸಾವಿರಾರು ಜನ ಸೇರಿ, ಟ್ರ್ಯಾಕಿನ ಅಂಚಿಗೇ ಬಂದು ನಿಂತರು. ಮರುವರ್ಷವೇ ವೆಂಬ್ಲಿಯ ಎಂಪೈರ್ ಸ್ಟೇಡಿಯಂನ ಒಡೆಯ ಆರ್ಥರ್ ಎಲ್ವಿನ್ ತಮ್ಮದೇ ತಂಡ ಕಟ್ಟಿದರು. ಹೆಸರು ವೆಂಬ್ಲಿ ಲಯನ್ಸ್. ವರ್ಷಕ್ಕೆ ಕೆಲವೇ ದಿನ ಫುಟ್‌ಬಾಲ್ ನಡೆಯುತ್ತಿದ್ದ ಆ ಬೃಹತ್ ಕಟ್ಟಡದ ಖರ್ಚು ಹುಟ್ಟಬೇಕಾದರೆ ವಾರವಾರವೂ ಟಿಕೆಟ್ ಮಾರಾಟವಾಗಬೇಕಿತ್ತು. ಗ್ರೇಹೌಂಡ್ ನಾಯಿಗಳ ಓಟ ಮತ್ತು ಸ್ಪೀಡ್‌ವೇ ಆ ಕೆಲಸ ಮಾಡಿದವು. ವೆಂಬ್ಲಿಯನ್ನು ಫುಟ್‌ಬಾಲಿನ ಗುಡಿ ಎಂದು ಕರೆಯುವವರಿಗೆ ಗುಡಿಯ ದೀಪದ ಎಣ್ಣೆ ಎಲ್ಲಿಂದ ಬರುತ್ತಿತ್ತು ಎಂಬುದು ಗೊತ್ತಿರಲಿ: 1966ರ ವಿಶ್ವಕಪ್ಪಿನಲ್ಲೂ ನಾಯಿ ಓಟದ ದಿನವನ್ನು ಬಿಟ್ಟುಕೊಡಲು ವೆಂಬ್ಲಿ ಒಪ್ಪಲಿಲ್ಲ. ಉರುಗ್ವೆ ಮತ್ತು ಫ್ರಾನ್ಸ್ ತಮ್ಮ ಪಂದ್ಯವನ್ನು ವೈಟ್ ಸಿಟಿಯಲ್ಲಿ ಆಡಬೇಕಾಯಿತು.

1936ರಲ್ಲಿ ಸ್ಪೀಡ್‌ವೇಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ನಡೆದದ್ದೂ ವೆಂಬ್ಲಿಯಲ್ಲೇ. ಗೆದ್ದವರು ಆಸ್ಟ್ರೇಲಿಯಾದ ಲಯೊನೆಲ್ ವ್ಯಾನ್ ಪ್ರಾಗ್. ಯುದ್ಧದ ಬಿಡುವಿನ ನಂತರ 1949ರಿಂದ 1960ರವರೆಗೆ ಪ್ರತಿವರ್ಷವೂ ಫೈನಲ್ ಅಲ್ಲೇ. ಆಗ 'ಯಾವ ಸ್ಟೇಡಿಯಂ' ಎಂಬ ಪ್ರಶ್ನೆಯನ್ನು ಯಾರೂ ಎತ್ತುತ್ತಿರಲಿಲ್ಲ. ಕುರ್ಚಿಯೂ ಇತ್ತು, ಮಣ್ಣೂ ಇತ್ತು. ಎಲ್ಲಕ್ಕಿಂತ ಮಿಗಿಲಾಗಿ, ವಾರವಾರವೂ ಅದೇ ಟ್ರ್ಯಾಕನ್ನು ಹದ ಮಾಡುತ್ತಿದ್ದ ಕೈಗಳಿದ್ದವು. ವೆಂಬ್ಲಿಯ ದೊಡ್ಡತನ ಗೋಪುರಗಳಲ್ಲಿತ್ತು ಎಂದು ಹೇಳುವವರೇ ಹೆಚ್ಚು. ನನಗೆ ಮಾತ್ರ ಅದು ಆ ದಿನನಿತ್ಯದ ಆರೈಕೆಯಲ್ಲಿ ಕಾಣುತ್ತದೆ.

1957ರಲ್ಲಿ ಎಲ್ವಿನ್ ತೀರಿಕೊಂಡರು, ತಂಡವೂ ಮುಚ್ಚಿತು. 1970ರಲ್ಲಿ ಲಯನ್ಸ್ ಮರಳಿ ಬಂದರೂ ಎರಡೇ ಋತು ಉಳಿದದ್ದು. ಫುಟ್‌ಬಾಲಿಗೆ ಕೊಟ್ಟು ಮಿಕ್ಕ ದಿನಗಳಲ್ಲಿ ಒಂದು ಲೀಗ್ ತಂಡ ಬದುಕಲಾಗಲಿಲ್ಲ. ಅಲ್ಲಿಂದಾಚೆಗೆ ವೆಂಬ್ಲಿಯಲ್ಲಿ ಸ್ಪೀಡ್‌ವೇ ನೆಂಟನಾಗಿ ಬಂದುಹೋಯಿತು.

ಅಷ್ಟರಲ್ಲಿ ಫೈನಲ್ ಊರೂರು ಸುತ್ತತೊಡಗಿತ್ತು. 1961ರಲ್ಲಿ ಮೊದಲ ಬಾರಿಗೆ ಬ್ರಿಟನ್ ದಾಟಿ ಸ್ವೀಡನ್ನಿನ ಮಾಲ್ಮೊಗೆ, ನಂತರ ಗೋಥೆನ್‌ಬರ್ಗಿನ ಉಲ್ಲೇವಿ ಕ್ರೀಡಾಂಗಣಕ್ಕೆ, 1970ರಲ್ಲಿ ಪೋಲೆಂಡಿನ ವ್ರೋತ್ಸ್‌ವಾಫ್‌ಗೆ ಹೋಯಿತು. 1973ರಲ್ಲಿ ಪೋಲೆಂಡಿನ ಕಲ್ಲಿದ್ದಲ ನಾಡಿನ ಹೋಝುಫ್‌ನ ಸಿಲೇಸಿಯನ್ ಸ್ಟೇಡಿಯಂನಲ್ಲಿ ಸೇರಿದ ಜನ ಒಂದು ಲಕ್ಷಕ್ಕೂ ಹೆಚ್ಚು. ಅಂದು ಪೋಲೆಂಡಿನವರೇ ಆದ ಯೆಜಿ ಶ್ಚಾಕಿಯೆಲ್, ನ್ಯೂಜಿಲೆಂಡಿನ ದಿಗ್ಗಜ ಐವನ್ ಮೇಜರ್ ಅವರನ್ನು ನಿರ್ಣಾಯಕ ಓಟದಲ್ಲಿ ಹಿಂದಿಕ್ಕಿ ಚಾಂಪಿಯನ್ ಆದರು. ಸ್ಪೀಡ್‌ವೇಗೆ ಲಂಡನ್ನಿನ ಹಂಗು ಬೇಕಿಲ್ಲ ಎಂಬುದು ಆ ಸಂಜೆ ಖಚಿತವಾಯಿತು.

ಇಲ್ಲೊಂದು ಮಾತು ಮೈಸೂರಿನ ಓದುಗರಿಗೆ. ಆ ಕಾಲದ ಸ್ಪೀಡ್‌ವೇ ಸವಾರರಲ್ಲಿ ಬಹಳ ಮಂದಿ ಏರಿದ್ದು ಜಾವಾ ಬೈಕನ್ನು. ಝೆಕ್ ನಾಡಿನ ದಿವಿಶೋವ್ ಎಂಬ ಪುಟ್ಟ ಊರಿನಲ್ಲಿ ಎಸೊ ಎಂಬ ಹೆಸರಲ್ಲಿ ತಯಾರಾಗುತ್ತಿದ್ದ ರೇಸ್ ಬೈಕುಗಳು 1964ರಲ್ಲಿ ಜಾವಾ ಕಂಪನಿಯ ಪಾಲಾದವು. ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಸೈಲೆನ್ಸರ್‌ನ ಗುಡುಗು ಎಬ್ಬಿಸುತ್ತಾ ಬೀದಿಗಿಳಿದ ಬೈಕುಗಳಿಗೂ ಅವಕ್ಕೂ ಎಂಜಿನ್ ಬೇರೆ, ಮನೆತನ ಒಂದೇ. ಹಳೇ ಜಾವಾ ಸದ್ದಿಗೆ ಇಂದಿಗೂ ಕತ್ತು ತಿರುಗಿಸುವ ನಮ್ಮವರಿಗೆ ಹೋಝುಫ್‌ನ ಆ ಸದ್ದು ಎಂಥದ್ದಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ವೆಂಬ್ಲಿಯ ಕೊನೆಯ ಫೈನಲ್ 1981ರಲ್ಲಿ. ಅಮೆರಿಕದ ಬ್ರೂಸ್ ಪೆನ್‌ಹಾಲ್ ಗೆದ್ದ ಆ ರಾತ್ರಿ ತೊಂಬತ್ತು ಸಾವಿರದಷ್ಟು ಜನ ಇದ್ದರು. ಮರುವರ್ಷ ಲಾಸ್ ಏಂಜಲೀಸ್‌ನ ಕೊಲೊಸಿಯಂ. 1985ರಲ್ಲಿ ಸರದಿ ಮತ್ತೆ ಬ್ರಿಟನ್ನಿಗೆ ಬಂದಾಗ ಬ್ರಾಡ್‌ಫರ್ಡ್‌ನ ಆಡ್ಸಲ್ ಆಯ್ಕೆಯಾಯಿತು. ನೆಲ ತಗ್ಗಿ ಬೋಗುಣಿಯಂತಾಗಿರುವ ಜಾಗ ಅದು. 1954ರಲ್ಲಿ ಅಲ್ಲಿ ನಡೆದ ರಗ್ಬಿ ಲೀಗ್ ಪಂದ್ಯವೊಂದಕ್ಕೆ ಅಧಿಕೃತ ಲೆಕ್ಕದಲ್ಲೇ 1,02,569 ಜನ ಬಂದಿದ್ದರು. ಆಡ್ಸಲ್‌ನ ಅಗಲ ತಿರುವುಗಳಲ್ಲಿ ಒಳ್ಳೆಯ ಓಟಗಳು ನಡೆದವು. ಡೆನ್ಮಾರ್ಕಿನ ಎರಿಕ್ ಗುಂಡರ್ಸನ್ 1985ರಲ್ಲಿ ಅಲ್ಲೇ ಚಾಂಪಿಯನ್ ಆದರು. 1989ರಲ್ಲಿ ಅದೇ ಟ್ರ್ಯಾಕಿನಲ್ಲಿ, ವಿಶ್ವ ತಂಡ ಕಪ್ ಫೈನಲ್ಲಿನ ಮೊದಲ ಹೀಟ್‌ನಲ್ಲೇ, ಅಂದರೆ ಮೊದಲ ಓಟದಲ್ಲೇ, ನಾಲ್ವರೂ ಸವಾರರು ಬಿದ್ದರು. ಗುಂಡರ್ಸನ್ ಜೀವ ಉಳಿಯಿತು, ಸವಾರಿ ಬದುಕು ಅಲ್ಲಿಗೆ ಮುಗಿಯಿತು. ಅಂಗಳ ಆರಿಸುವವರ ಮೇಜಿನ ಮೇಲೆ ಕುರ್ಚಿಗಳ ಲೆಕ್ಕದ ಪಕ್ಕದಲ್ಲೇ ಇಂಥ ದಿನಗಳ ನೆನಪೂ ಇರಬೇಕು.

1995ರಲ್ಲಿ ಒಂದೇ ರಾತ್ರಿಯ ಫೈನಲ್ ಹೋಗಿ, ಹಲವು ಸುತ್ತುಗಳ ಗ್ರ್ಯಾಂಡ್ ಪ್ರಿ ಸರಣಿ ಬಂತು. ಬ್ರಿಟನ್ನಿನ ಸುತ್ತು ಮೊದಲೆರಡು ವರ್ಷ ಲಂಡನ್ನಿನ ಹ್ಯಾಕ್ನಿಯಲ್ಲಿ, ಒಮ್ಮೆ ಬ್ರಾಡ್‌ಫರ್ಡ್‌ನಲ್ಲಿ, ಆಮೇಲೆ ಮೂರು ವರ್ಷ ಕಾವೆಂಟ್ರಿಯಲ್ಲಿ ನಡೆಯಿತು. ಮೂರರಲ್ಲೂ ಸ್ಪೀಡ್‌ವೇಯ ಕಾಯಂ ಟ್ರ್ಯಾಕುಗಳಿದ್ದವು. ಇಂದು ಮೂರರಲ್ಲೂ ಸ್ಪೀಡ್‌ವೇ ಇಲ್ಲ. ಹ್ಯಾಕ್ನಿಯ ಜಾಗ 2012ರ ಒಲಿಂಪಿಕ್ ಪಾರ್ಕಿಗೆ ಸೇರಿತು, ಕಾವೆಂಟ್ರಿಯ ಬ್ರ್ಯಾಂಡನ್ ಸ್ಟೇಡಿಯಂ 2016ರಲ್ಲಿ ಬಾಗಿಲು ಹಾಕಿತು.

ಸರಣಿಯ ಹಕ್ಕು ಹೊಸ ಕಂಪನಿಯ ಕೈಗೆ ಬಂದ 2001ರಲ್ಲೇ ದೊಡ್ಡ ಪಲ್ಲಟವಾಯಿತು. ಬ್ರಿಟಿಷ್ ಗ್ರ್ಯಾಂಡ್ ಪ್ರಿ ವೇಲ್ಸ್‌ನ ಕಾರ್ಡಿಫ್‌ಗೆ, ಸ್ಪೀಡ್‌ವೇಯ ಗಂಧಗಾಳಿಯೇ ಇಲ್ಲದ ಮಿಲೆನಿಯಂ ಸ್ಟೇಡಿಯಂಗೆ ಹೋಯಿತು. 1999ರ ರಗ್ಬಿ ವಿಶ್ವಕಪ್ಪಿಗಾಗಿ ಕಟ್ಟಿದ, 74,500 ಆಸನಗಳ ಅಂಗಳ. ಅದನ್ನು ಆರಿಸಲು ಮುಖ್ಯ ಕಾರಣ ಕುರ್ಚಿಗಿಂತ ಚಾವಣಿ. ಮಳೆ ಬಂದರೆ ಸ್ಪೀಡ್‌ವೇ ನಿಲ್ಲುತ್ತದೆ, ಬ್ರಿಟನ್ನಿನಲ್ಲಿ ಮಳೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಕಾರ್ಡಿಫ್‌ನಲ್ಲಿ ಚಾವಣಿ ಮುಚ್ಚಿದರಾಯಿತು, ದೂರದಿಂದ ಬಂದವರು ಬರಿಗೈಲಿ ಮರಳುವ ಭಯವಿಲ್ಲ. ಎರಡನೆಯ ಕಾರಣ ಊರು. ರೈಲಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಸ್ಟೇಡಿಯಂ. ಸುತ್ತಲೂ ಹೋಟೆಲು, ಪಬ್ಬು, ಪೇಟೆ. ರಗ್ಬಿಗೆ ಬಿಡುವಿರುವ ಬೇಸಿಗೆಯಲ್ಲಿ ಅಂಗಳವೂ ಖಾಲಿ.

ಆದರೆ ಟ್ರ್ಯಾಕ್? ರಗ್ಬಿ ಅಂಗಳದ ನೆಲಕ್ಕೆ ರಕ್ಷಣೆಯ ಹಾಸು ಹಾಸಿ, ಅದರ ಮೇಲೆ ಸಾವಿರಾರು ಟನ್ ಶೇಲ್, ಅಂದರೆ ಪುಡಿಗಲ್ಲಿನ ಮಣ್ಣನ್ನು ಲಾರಿಗಳಲ್ಲಿ ತಂದು ಸುರಿದು, ನೀರು ಚಿಮುಕಿಸಿ, ರೋಲರ್ ಹಾಯಿಸಿ, ಕೆಲವೇ ದಿನಗಳಲ್ಲಿ ಸಜ್ಜು ಮಾಡಬೇಕು. ಶನಿವಾರ ರಾತ್ರಿ ಓಟ ಮುಗಿದ ಮೇಲೆ ಅಷ್ಟನ್ನೂ ಎತ್ತಿ ಒಯ್ಯಬೇಕು. ಈ ತಾತ್ಕಾಲಿಕ ಟ್ರ್ಯಾಕುಗಳ ಹಿಂದಿನ ಮುಖ್ಯ ವ್ಯಕ್ತಿ ಡೆನ್ಮಾರ್ಕಿನ ಓಲೆ ಓಲ್ಸೆನ್. ಮೂರು ಬಾರಿ ವಿಶ್ವ ಚಾಂಪಿಯನ್, 1970ರ ದಶಕದಲ್ಲಿ ವೊಯೆನ್ಸ್‌ನಲ್ಲಿ ತಮ್ಮದೇ ಸ್ಪೀಡ್‌ವೇ ಅಂಗಳ ಕಟ್ಟಿದವರು. ಕಂಬಳ ಬಲ್ಲವರಿಗೆ ಈ ಕಷ್ಟ ಬೇಗ ತಿಳಿದೀತು. ಕೋಣಗಳು ಓಡುವ ಕೆಸರಿನ ಹಾದಿಗೆ ಕರೆ ಎನ್ನುತ್ತಾರೆ. ಕರಾವಳಿಯ ಗದ್ದೆಯಲ್ಲಿರುವ ಕರೆಯೇ ಬೇರೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಸಲು ಹೊಸದಾಗಿ ಕಟ್ಟಿದ ಕರೆಯೇ ಬೇರೆ. ಜನ ಬರುತ್ತಾರೆ, ಆದರೆ ನೆಲಕ್ಕೆ ಆ ಓಟದ ಅಭ್ಯಾಸ ಇರುವುದಿಲ್ಲ.

ಹಾಗಿದ್ದೂ ಕಾರ್ಡಿಫ್ ಗೆದ್ದಿತು. 280 ಮೀಟರಿಗೂ ಕಡಿಮೆ ಉದ್ದದ ಇಕ್ಕಟ್ಟಿನ ಟ್ರ್ಯಾಕ್, ಹಲವು ವರ್ಷ ಗುಳಿಗಳ ದೂರು. ಆದರೂ ನಲವತ್ತು ಸಾವಿರದ ಆಸುಪಾಸಿನಲ್ಲಿ ಜನ ಬಂದರು, ಮತ್ತೆ ಮತ್ತೆ ಬಂದರು. ಬ್ರಿಟನ್ನಿನ ಬೇರೆ ಬೇರೆ ಕ್ಲಬ್ಬುಗಳ ಅಭಿಮಾನಿಗಳು, ಪೋಲೆಂಡಿನಿಂದ ಬಂದವರು, ಎಲ್ಲರೂ ಒಂದೇ ಊರಿನ ಬೀದಿಗಳಲ್ಲಿ ಕಲೆಯುವ ಜಾತ್ರೆ ಅದಾಯಿತು. 2007ರಲ್ಲಿ ಕಾರ್ನ್‌ವಾಲ್‌ನ ಕ್ರಿಸ್ ಹ್ಯಾರಿಸ್ ಫೈನಲ್ ಓಟದ ಕೊನೆಯ ಸುತ್ತಿನಲ್ಲಿ ಗ್ರೆಗ್ ಹ್ಯಾನ್‌ಕಾಕ್ ಅವರನ್ನು ದಾಟಿ ಗೆದ್ದಾಗ ಎದ್ದ ಕೂಗು ಮುಚ್ಚಿದ ಚಾವಣಿಯೊಳಗೆ ಹೇಗಿದ್ದಿರಬೇಕು! ಮುಂದೆ ಒಬ್ಬ ಬ್ರಿಟಿಷ್ ಸವಾರ ಅಲ್ಲಿ ಗೆಲ್ಲಲು, ಡ್ಯಾನ್ ಬ್ಯೂಲಿ ಬರುವ ತನಕ, 2022ರವರೆಗೆ ಕಾಯಬೇಕಾಯಿತು.

ಕಾರ್ಡಿಫ್ ತೋರಿದ ದಾರಿಯಲ್ಲಿ ನಡೆದ ಎಲ್ಲರಿಗೂ ಅದೃಷ್ಟ ಒಲಿಯಲಿಲ್ಲ. 2008ರಲ್ಲಿ ಜರ್ಮನಿಯ ಗೆಲ್ಸೆನ್‌ಕಿರ್ಷೆನ್‌ನ ಫುಟ್‌ಬಾಲ್ ಅಂಗಳದಲ್ಲಿ ಋತುವಿನ ಕೊನೆಯ ಸುತ್ತು ನಡೆಯಬೇಕಿತ್ತು. ಟ್ರ್ಯಾಕ್ ಓಟಕ್ಕೆ ಯೋಗ್ಯವಾಗಲಿಲ್ಲ. ಜನ ಊರು ತಲುಪಿದ ಮೇಲೆ ರದ್ದಾಗಿ, ಒಂದು ವಾರದ ನಂತರ ಸ್ಪರ್ಧೆ ಪೋಲೆಂಡಿನ ಬಿಡ್ಗೋಶ್ಚ್‌ಗೆ, ಸ್ಪೀಡ್‌ವೇಯ ಹಳೆಯ ಅಂಗಳಕ್ಕೆ ಹೋಯಿತು.

ಅದಕ್ಕಿಂತ ನೋವಿನದು 2015ರ ಏಪ್ರಿಲ್ 18, ವಾರ್ಸಾ. ಪೋಲೆಂಡಿನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಮೊದಲ ಗ್ರ್ಯಾಂಡ್ ಪ್ರಿ. ಐವತ್ತು ಸಾವಿರಕ್ಕೂ ಮಿಕ್ಕಿ ಜನ. 2010ರ ವಿಶ್ವ ಚಾಂಪಿಯನ್ ಟೊಮಾಶ್ ಗೊಲ್ಲೋಬ್ ಅವರಿಗೆ ಬೀಳ್ಕೊಡುಗೆ. ಸ್ಪೀಡ್‌ವೇಯನ್ನು ಪೋಲೆಂಡಿನಷ್ಟು ಪ್ರೀತಿಸುವ ದೇಶ ಇನ್ನೊಂದಿಲ್ಲ, ಆ ಪ್ರೀತಿಯ ಹಬ್ಬವಾಗಬೇಕಿದ್ದ ರಾತ್ರಿ ಅದು. ಆದರೆ ಸ್ಟಾರ್ಟಿಂಗ್ ಗೇಟಿನ ಟೇಪ್ ಕೈಕೊಟ್ಟಿತು, ಟ್ರ್ಯಾಕ್ ಕಿತ್ತುಬರತೊಡಗಿತು. ಹನ್ನೆರಡು ಹೀಟ್ ಆಗುವಷ್ಟರಲ್ಲಿ ಸವಾರರು ಮುಂದುವರಿಯಲು ಒಪ್ಪದೆ ಸ್ಪರ್ಧೆ ನಿಂತಿತು. ಆವರೆಗಿನ ಅಂಕಗಳ ಮೇಲೆ ಸ್ಲೊವೇನಿಯಾದ ಮತೇ ಝಾಗರ್ ವಿಜೇತ ಎಂದು ಘೋಷಣೆಯಾದಾಗ ಕೇಳಿದ್ದು ಜನರ ಸಿಳ್ಳೆ ಮತ್ತು ಆಕ್ರೋಶ. ಮರುವರ್ಷ ಅದೇ ಅಂಗಳ, ಅದೇ ಚಾವಣಿ. ಟ್ರ್ಯಾಕ್ ಗಟ್ಟಿಯಾಗಿ ನಿಂತಿತು, ಟೈ ವುಫಿಂಡೆನ್ ಗೆದ್ದರು, ವಾರ್ಸಾ ಸರಣಿಯಲ್ಲಿ ಉಳಿಯಿತು. ಕಟ್ಟಡ ಬದಲಾಗಿರಲಿಲ್ಲ, ನೆಲದ ಕೆಲಸ ಬದಲಾಗಿತ್ತು.

ಪೋಲೆಂಡಿಗೆ ಇನ್ನೊಂದು ಉತ್ತರವೂ ಇದೆ: ಟೊರುನ್‌ನ ಮೋಟೊಅರೀನಾ. 2009ರಲ್ಲಿ ಸ್ಪೀಡ್‌ವೇಗಾಗಿಯೇ ಕಟ್ಟಿದ, ಹದಿನೈದು ಸಾವಿರದ ಆಸುಪಾಸಿನ ಆಸನಗಳ ಅಂಗಳ. ಯಾವ ಮೂಲೆಯಲ್ಲಿ ಕೂತರೂ ಟ್ರ್ಯಾಕ್ ಕಾಣುತ್ತದೆ, ಮಣ್ಣು ವರ್ಷವಿಡೀ ಅಲ್ಲೇ ಇರುತ್ತದೆ. ಗ್ರ್ಯಾಂಡ್ ಪ್ರಿ ಸರಣಿ ಹಲವು ಬಾರಿ ಅಲ್ಲೇ ಮುಕ್ತಾಯಗೊಂಡಿದೆ. ನನ್ನನ್ನು ಕೇಳಿದರೆ, ಸದ್ಯ ಇರುವವುಗಳಲ್ಲಿ ಅತ್ಯುತ್ತಮ ಸ್ಪೀಡ್‌ವೇ ಅಂಗಳ ಅದೇ.

ಕೋವಿಡ್‌ನ ಎರಡು ವರ್ಷ ಬಿಟ್ಟರೆ ಕಾರ್ಡಿಫ್‌ನ ಜಾತ್ರೆ 2024ರವರೆಗೆ ನಡೆಯಿತು. 2025ರ ಜೂನ್‌ನಲ್ಲಿ ಬ್ರಿಟಿಷ್ ಗ್ರ್ಯಾಂಡ್ ಪ್ರಿ ಮ್ಯಾಂಚೆಸ್ಟರಿನ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂಗೆ ಬಂತು. ಬೆಲ್ ವ್ಯೂ ಏಸಸ್ ತಂಡದ ಮನೆ ಅದು. ಕಾರ್ಡಿಫ್‌ನಲ್ಲಿ ಹಿಡಿಯುವ ಜನರಲ್ಲಿ ಹತ್ತರಲ್ಲೊಂದು ಪಾಲಿನಷ್ಟೇ ಇಲ್ಲಿ ಹಿಡಿಯುತ್ತಾರೆ. ಅದಕ್ಕೇ ಒಂದು ರಾತ್ರಿಯ ಬದಲು ಎರಡು ರಾತ್ರಿ, ಎರಡು ಸುತ್ತು.

ಈ ಆಯ್ಕೆಗೆ ಸಂತೋಷಪಟ್ಟವರೂ ಇದ್ದಾರೆ, ಕಣ್ಣೀರಿಟ್ಟವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಬೆಲ್ ವ್ಯೂನ ಅಗಲ ತಿರುವುಗಳಲ್ಲಿ ಸವಾರ ಹೊರಗಿನಿಂದಲೂ ದಾಟಬಹುದು, ಒಳಗಿನಿಂದಲೂ ದಾಟಬಹುದು. ಕಾರ್ಡಿಫ್‌ನಲ್ಲಿ ಎಷ್ಟೋ ಓಟಗಳು ಮೊದಲ ತಿರುವಿಗೇ ತೀರ್ಮಾನವಾಗುತ್ತಿದ್ದವು. ಆದರೆ ನಲವತ್ತು ಸಾವಿರ ಜನ ನಗರದ ನಡುವೆ ಸೇರಿದಾಗ ಆ ಆಟವನ್ನು ಎಂದೂ ನೋಡಿರದ ದಾರಿಹೋಕನೂ ಏನಿದು ಎಂದು ಕೇಳುತ್ತಿದ್ದ. ಲಂಡನ್ ನಗರದಲ್ಲಿ ಇಂದು ಒಂದೇ ಒಂದು ಲೀಗ್ ಟ್ರ್ಯಾಕ್ ಉಳಿದಿಲ್ಲ. 2007ರಲ್ಲಿ ತೆರೆದ ಹೊಸ ವೆಂಬ್ಲಿಯಲ್ಲಿ ಸ್ಪೀಡ್‌ವೇ ಬೈಕು ಓಡಿಯೇ ಇಲ್ಲ. ಹೀಗೆ ಒಂದೊಂದೇ ಮನೆ ಕಳೆದುಕೊಳ್ಳುತ್ತಿರುವ ಆಟಕ್ಕೆ ದಾರಿಹೋಕನ ಆ ಕುತೂಹಲ ಸಣ್ಣದಲ್ಲ. ಹಾಗಿದ್ದರೂ ನಾನು ಮಣ್ಣಿನ ಪರ. ಬ್ರೇಕಿಲ್ಲದ ಬೈಕಿನ ಮೇಲೆ ಕೂತವರಿಗೆ ಮೊದಲು ನಂಬಬಹುದಾದ ನೆಲ ಸಿಗಲಿ.

ಹಾಗೆಂದು ಸ್ವಂತ ಅಂಗಳ ಕಟ್ಟಿದ ಮಾತ್ರಕ್ಕೆ ನೆಲ ಒಲಿದುಬಿಡುವುದಿಲ್ಲ. ಇದೇ ಮ್ಯಾಂಚೆಸ್ಟರ್ ಸ್ಟೇಡಿಯಂ 2016ರ ಮಾರ್ಚ್ 19ರಂದು ಉದ್ಘಾಟನೆಯಾಗಬೇಕಿತ್ತು. 1955 ಮತ್ತು 1962ರ ವಿಶ್ವ ಚಾಂಪಿಯನ್, ಬೆಲ್ ವ್ಯೂನ ಮನೆಮಗ ಪೀಟರ್ ಕ್ರೇವನ್ ಅವರ ನೆನಪಿನ ಸ್ಪರ್ಧೆ ಅಂದು. ಜನ ಬಂದು ಕೂತಿದ್ದರು, ಸವಾರರು ಸಿದ್ಧರಿದ್ದರು. ತಿರುವಿನ ಮಣ್ಣು ಇನ್ನೂ ಕೂತಿರಲಿಲ್ಲ. ಓಟ ಅಪಾಯಕರವೆಂದು ಸ್ಪರ್ಧೆಯನ್ನು ಮುಂದೂಡಿ, ಟ್ರ್ಯಾಕನ್ನು ಅಗೆದು ಸರಿಪಡಿಸಿ, ವಾರಗಳ ನಂತರ ಮತ್ತೆ ಬಾಗಿಲು ತೆರೆದರು. ಒಂಬತ್ತು ವರ್ಷ ವಾರವಾರವೂ ಹದ ಮಾಡಿದ ಮೇಲೆ, 2025ರ ಜೂನ್‌ನ ಆ ಎರಡು ರಾತ್ರಿ ಜಗತ್ತಿನ ಅಗ್ರ ಸವಾರರು ಬೈಕು ವಾಲಿಸಿದ್ದು ಅದೇ ತಿರುವುಗಳಲ್ಲಿ.