ಹೊಸ ಎಂಜಿನ್ ಹಾಕಿದರೂ ಆ ಲೋಕೋಗಳು ಯಾಕೆ ಉಳಿಯಲಿಲ್ಲ?

ಪ್ರಶ್ನೆ: ರೈಲು ಎಳೆಯುವ ಡೀಸೆಲ್ ಲೋಕೋ ಪದೇ ಪದೇ ಕೈಕೊಡುತ್ತಿದ್ದರೆ ಒಳಗಿನ ಎಂಜಿನ್ ಬದಲಿಸಿದರೆ ಸಾಲದೇ? ಇಡೀ ಲೋಕೋವನ್ನು ಗುಜರಿಗೆ ಯಾಕೆ ಹಾಕಬೇಕು?

ಕೆಲವು ಸಲ ಅಷ್ಟೇ ಸಾಕು. ಕೆಲವು ಸಲ ಎಂಜಿನ್ ಸುಧಾರಿಸಿದರೂ ಲೋಕೋ ಉಳಿಯುವುದಿಲ್ಲ. ಬ್ರಿಟನ್ನಿನ ಕ್ಲಾಸ್ 29 ಎಂಬ ಬಗೆಯ ಡೀಸೆಲ್ ಲೋಕೋಗಳ ಕಥೆ ಹಾಗೆಯೇ ಆಯಿತು.

ಸ್ಕಾಟ್ಲೆಂಡಿನ ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿ ಉಗಿ ಲೋಕೋ ಕಟ್ಟುವುದರಲ್ಲಿ ಪಳಗಿದ ಕೈ. 1955ರ ಸುಮಾರಿಗೆ ಕಛ್‌ನ ಗಾಂಧಿಧಾಮಕ್ಕೆ ಬಂದ ಮೀಟರ್‌ಗೇಜ್ ಡೀಸೆಲ್‌ಗಳೂ ಅವರವೇ. 1958ರಿಂದ 1960ರವರೆಗೆ ಈ ಕಂಪನಿ ಬ್ರಿಟಿಷ್ ರೈಲ್ವೇಸ್‌ಗೆ 58 ಡೀಸೆಲ್ ಲೋಕೋ ಕಟ್ಟಿತು. ಎಂಜಿನ್ ಜರ್ಮನಿಯ ಎಂ.ಎ.ಎನ್. ಕಂಪನಿಯ ವಿನ್ಯಾಸದ್ದು, ಆದರೆ ಪರವಾನಗಿ ಪಡೆದು ಗ್ಲಾಸ್ಗೋದಲ್ಲೇ ಮಾಡಿದ್ದು. ತೊಂದರೆ ಶುರುವಾಗಿದ್ದು ಅಲ್ಲೇ. ಹೊಗೆ ಸೋರುತ್ತಿತ್ತು, ನೀರು ಸೋರುತ್ತಿತ್ತು, ಒಮ್ಮೊಮ್ಮೆ ಬೆಂಕಿಯೂ ಹೊತ್ತಿಕೊಳ್ಳುತ್ತಿತ್ತು. ಲಂಡನ್ ಕಡೆ ಓಡುತ್ತಿದ್ದ ಲೋಕೋಗಳನ್ನು ತಯಾರಕರ ಹತ್ತಿರವೇ ಇರಲಿ ಎಂದು ಸ್ಕಾಟ್ಲೆಂಡಿಗೆ ಸಾಗಿಸಿದರು. 1962ರಲ್ಲಿ ಆ ತಯಾರಕರೇ ಮುಳುಗಿದರು!

1963ರಲ್ಲಿ ಡಿ6123 ಎಂಬ ಲೋಕೋಗೆ 1,350 ಅಶ್ವಶಕ್ತಿಯ ಪ್ಯಾಕ್ಸ್‌ಮನ್ ವೆಂಚುರಾ ಎಂಜಿನ್ ಕೂರಿಸಿ ನೋಡಿದರು. ಹಳೆಯದಕ್ಕಿಂತ ಎಷ್ಟೋ ವಾಸಿ ಅನ್ನಿಸಿತು. ಮುಂದೆ ಇನ್ನೂ 19ಕ್ಕೆ ಅದೇ ಚಿಕಿತ್ಸೆ ಆಯಿತು. ಈ 20 ಲೋಕೋಗಳೇ ಕ್ಲಾಸ್ 29.

ಹಾಗಾದರೆ ಸೋತಿದ್ದೆಲ್ಲಿ? ನನ್ನ ಪ್ರಕಾರ ಆ 20 ಎಂಬ ಸಂಖ್ಯೆಯಲ್ಲೇ ಉತ್ತರ ಇದೆ. ಎಂಜಿನ್ ಬಿಟ್ಟು ಉಳಿದ ಭಾಗಗಳಲ್ಲಿ ಹಳೆಯವೇ ಜಾಸ್ತಿ. ಅವನ್ನು ಮಾಡಿದ ಕಂಪನಿ ಇಲ್ಲ. ಬ್ರಿಟನ್ನಿನ ಮೇನ್‌ಲೈನ್ ಲೋಕೋಗಳಲ್ಲಿ ವೆಂಚುರಾ ಎಂಜಿನ್ ಅಪರೂಪ. ಬರೀ 20 ಲೋಕೋಗಾಗಿ ದುರಸ್ತಿ ಶೆಡ್‌ನಲ್ಲಿ ಬೇರೆ ಬಿಡಿಭಾಗ ಇಡಬೇಕು, ಫಿಟ್ಟರ್‌ಗಳಿಗೆ ಬೇರೆ ತರಬೇತಿ ಕೊಡಬೇಕು. ಅದೇ ಹೊತ್ತಿಗೆ ರೈಲ್ವೆ ಲೋಕೋ ಬಗೆಗಳನ್ನೇ ಕಡಿಮೆ ಮಾಡಲು ಹೊರಟಿತ್ತು. 1971ರ ಕೊನೆಗೆ ಎಲ್ಲವೂ ಸೇವೆಯಿಂದ ಹೊರಗೆ.

ಬ್ರಿಟನ್ನಿನ ಇನ್ನೊಂದು ಡೀಸೆಲ್ ಬಗೆಯಾದ ಕ್ಲಾಸ್ 31 ಜೊತೆ ಹೋಲಿಸಿ ನೋಡಿ. ಅವುಗಳ ಮಿರ್ಲೀಸ್ ಎಂಜಿನ್‌ಗಳೂ ಬಿರುಕು ಬಿಡುತ್ತಿದ್ದವು. ಅಲ್ಲೂ 1960ರ ದಶಕದಲ್ಲೇ ಎಂಜಿನ್ ಬದಲಿಸಿದರು. ಆದರೆ ಹಾಕಿದ್ದು ಇಂಗ್ಲಿಷ್ ಎಲೆಕ್ಟ್ರಿಕ್ ಎಂಜಿನ್, ಅಂದರೆ ಅನೇಕ ಶೆಡ್‌ಗಳಿಗೆ ಆಗಲೇ ಪರಿಚಯವಿದ್ದ ಮನೆತನದ್ದು. ಲೋಕೋಗಳೂ 260ಕ್ಕಿಂತ ಜಾಸ್ತಿ. ಅವು ದಶಕಗಟ್ಟಲೆ ದುಡಿದವು.

ನಾರ್ತ್ ಬ್ರಿಟಿಷ್‌ನ ಆ 58ರಲ್ಲಿ ಇವತ್ತು ಒಂದೂ ಉಳಿದಿಲ್ಲ. ಡಿ6123 ಒಂದನ್ನಾದರೂ ಉಳಿಸಿಕೊಳ್ಳಬೇಕಿತ್ತು.