ವಿಪಿಎನ್ ಹಾಕಿದರೆ ನೆಟ್ ನಿಧಾನ ಆಗುತ್ತದಾ, ಗುಟ್ಟು ಉಳಿಯುತ್ತದಾ?

ಈ ಪ್ರಶ್ನೆ ಬಂದಿದ್ದು ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಓದುಗರೊಬ್ಬರಿಂದ. ಅವರ ಮಾತಿನಲ್ಲೇ ಹಾಕುತ್ತೇನೆ:

"ಅಣ್ಣಾ, ನಮ್ಮ ಮನೆಗೆ ಕೇಬಲ್‌ನವರ ಫೈಬರ್ ನೆಟ್ ಇದೆ. ನಾವು ಏನೆಲ್ಲ ನೋಡ್ತೇವೆ ಅಂತ ಅವರಿಗೆ ಗೊತ್ತಾಗ್ತದಾ? ವಿಪಿಎನ್ ಹಾಕಿದ್ರೆ ಗೊತ್ತಾಗುವುದಿಲ್ಲ ಅಂತಾರೆ, ಆದ್ರೆ ಸ್ಪೀಡ್ ಅರ್ಧ ಆಗ್ತದೆ ಅಂತಲೂ ಹೇಳ್ತಾರೆ. ಮಗಳಿಗೆ ಆನ್‌ಲೈನ್ ಕ್ಲಾಸ್ ಇದೆ. ಫ್ರೀ ಸಾಕಾ, ದುಡ್ಡು ಕೊಟ್ಟು ತಗೊಳ್ಬೇಕಾ? ಒಳ್ಳೆಯದು ಯಾವುದು ಅಂತ ನೋಡುವುದು ಹೇಗೆ?"

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಬೇರೆ ಬೇರೆಯವರು ಇದನ್ನೇ ಕೇಳಿದ್ದಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಕೇಬಲ್‌ನವರ ವಿಷಯ. ಈಗ ಹೆಚ್ಚುಕಮ್ಮಿ ಎಲ್ಲ ಸೈಟುಗಳೂ ಎಚ್‌ಟಿಟಿಪಿಎಸ್‌ನಲ್ಲೇ ಓಡುತ್ತವೆ. ಅಂದರೆ ನಿಮ್ಮ ಫೋನಿನಿಂದ ಆ ಸೈಟಿನವರೆಗೆ ಮಾತು ಬೀಗ ಹಾಕಿಕೊಂಡೇ ಹೋಗುತ್ತದೆ. ನಿಮ್ಮ ಪಾಸ್‌ವರ್ಡ್, ವಾಟ್ಸಾಪ್ ಮೆಸೇಜ್, ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅನ್ನುವುದು ಯಾವುದೂ ಅವರಿಗೆ ಕಾಣುವುದಿಲ್ಲ. ಕಾಣುವುದು ಯಾವ ಸೈಟಿಗೆ ಹೋದಿರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಡೇಟಾ ಆಯಿತು ಅನ್ನುವುದು. ಇಷ್ಟೇನಾ ಅನ್ನಬೇಡಿ. ಒಬ್ಬರು ರಾತ್ರಿ ಎರಡು ಗಂಟೆಗೆ ಒಂದು ಕ್ಯಾನ್ಸರ್ ಆಸ್ಪತ್ರೆಯ ಸೈಟನ್ನು ಮತ್ತೆ ಮತ್ತೆ ತೆರೆದಿದ್ದಾರೆ ಅಂದರೆ ಒಳಗೆ ಏನು ಓದಿದರು ಅಂತ ಯಾರಿಗೂ ಬೇಕಾಗಿಲ್ಲ, ಮನೆಯ ಸಂಗತಿ ಅರ್ಥವಾಗುತ್ತದೆ. ನಮ್ಮ ಊರುಗಳಲ್ಲಿ ಲೈನ್ ಎಳೆದವರು ಗುರುತಿನವರೇ ಆಗಿರುತ್ತಾರೆ, ಪೇಟೆಯಲ್ಲಿ ದಿನಾ ಸಿಗುತ್ತಾರೆ. ಅವರೇ ಕುಳಿತು ನೋಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಅಳುಕು ನಿಮಗಿದ್ದರೆ ಅದು ಸುಮ್ನೆ ಬಂದದ್ದಲ್ಲ.

ವಿಪಿಎನ್ ಹಾಕಿದಾಗ ಏನಾಗುತ್ತದೆ ನೋಡಿ. ನಿಮ್ಮ ಫೋನಿನಿಂದ ವಿಪಿಎನ್ ಕಂಪನಿಯ ಸರ್ವರ್‌ವರೆಗೆ ಒಂದು ಮುಚ್ಚಿದ ದಾರಿ ಆಗುತ್ತದೆ. ಕೇಬಲ್‌ನವರಿಗೆ ಕಾಣುವುದು ಆ ಸರ್ವರ್ ಒಂದೇ. ಅಲ್ಲಿಂದ ಮುಂದೆ ಮಾಮೂಲಿ ಇಂಟರ್ನೆಟ್. ಅಂದರೆ ಇಷ್ಟು ದಿನ ಕೇಬಲ್‌ನವರಿಗೆ ಕಾಣುತ್ತಿದ್ದ ಆ ಸೈಟುಗಳ ಪಟ್ಟಿ ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಪಟ್ಟಿ ಎಲ್ಲೂ ಮಾಯ ಆಗಿಲ್ಲ, ಕೈ ಬದಲಾಗಿದೆ ಅಷ್ಟೆ. ಹಾಗಾದರೆ ವಿಪಿಎನ್ ಆರಿಸುವುದು ಅಂದರೆ ಆ ಪಟ್ಟಿ ಯಾರ ಕೈಗೆ ಹೋಗಬೇಕು ಅಂತ ಆರಿಸುವುದು, ಅಲ್ವಾ? ಬೇರೆಲ್ಲ ವಿಚಾರ ಇದರ ನಂತರ.

ಫ್ರೀ ಆ್ಯಪ್‌ಗಳ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಸರ್ವರ್ ಬಾಡಿಗೆ, ಬ್ಯಾಂಡ್‌ವಿಡ್ತ್ ಎರಡಕ್ಕೂ ತಿಂಗಳು ತಿಂಗಳು ದುಡ್ಡು ಬೇಕು. ನೀವು ಕೊಡದಿದ್ದರೆ ಬೇರೆ ಯಾರಿಂದಲೋ ಬರುತ್ತಿರಬೇಕು. 2015ರಲ್ಲಿ ಹೋಲಾ ಅನ್ನುವ ಫ್ರೀ ಸೇವೆಯ ಸಂಗತಿ ಹೊರಬಿತ್ತು: ಅದನ್ನು ಹಾಕಿಕೊಂಡವರ ನೆಟ್ ಲೈನನ್ನೇ ಅವರು ಇನ್ನೊಂದು ಹೆಸರಿನಲ್ಲಿ ಬೇರೆಯವರಿಗೆ ಮಾರುತ್ತಿದ್ದರು. ಯಾರೋ ಏನೋ ಮಾಡಿದರೆ ಐಪಿ ವಿಳಾಸ, ಅಂದರೆ ನೆಟ್‌ನಲ್ಲಿ ಲೈನಿನ ಗುರುತಿನ ನಂಬರ್, ನಿಮ್ಮ ಮನೆಯದು. ಒನಾವೊ ಅನ್ನುವ ವಿಪಿಎನ್ ಕಂಪನಿಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡಿತು, ಜನ ಬೇರೆ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅಂತ ಅದರಿಂದಲೇ ನೋಡುತ್ತಿತ್ತು. ಅದಕ್ಕೆ 2023ರಲ್ಲಿ ಆಸ್ಟ್ರೇಲಿಯಾದ ಕೋರ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. 2020ರಲ್ಲಿ ಹಾಂಗ್‌ಕಾಂಗ್ ಮೂಲದ ಯುಎಫ್‌ಒ ವಿಪಿಎನ್ "ನಾವು ಲಾಗ್ (ಯಾರು ಎಲ್ಲಿಗೆ ಹೋದರು ಅನ್ನುವ ದಾಖಲೆ) ಇಡುವುದಿಲ್ಲ" ಅಂತ ಹೇಳಿಕೊಂಡಿದ್ದ ಹೊತ್ತಿನಲ್ಲೇ ಬಳಕೆದಾರರ ಲಾಗ್‌ಗಳು ಪಾಸ್‌ವರ್ಡ್ ಕೂಡ ಇಲ್ಲದೆ ತೆರೆದು ಬಿದ್ದಿದ್ದವು.

ಎಲ್ಲ ಫ್ರೀಯೂ ಕೆಟ್ಟದ್ದು ಅಂತಲ್ಲ. ಪ್ರೋಟಾನ್ ವಿಪಿಎನ್‌ನ ಫ್ರೀ ಪ್ಲಾನಿನಲ್ಲಿ ಡೇಟಾ ಮಿತಿ ಇಲ್ಲ, ದೇಶ ನೀವು ಆರಿಸಿಕೊಳ್ಳುವ ಹಾಗಿಲ್ಲ, ಸ್ಪೀಡೂ ಸಾಧಾರಣ. ಅದರ ಖರ್ಚು ದುಡ್ಡು ಕೊಡುವ ಗಿರಾಕಿಗಳಿಂದ ಬರುತ್ತದೆ. ಇಲ್ಲಿ ಲೆಕ್ಕ ಕಾಣುತ್ತದೆ. ಲೆಕ್ಕ ಕಾಣದ ಕಡೆಗೆ ಹೋಗಬೇಡಿ.

ದುಡ್ಡು ಕೊಟ್ಟು ತೆಗೆದುಕೊಳ್ಳುವವರಿಗೆ ನಾನು ಹೇಳುವುದು, ಜಾಹೀರಾತಿನ ಮಾತು ಬಿಡಿ, ಪರೀಕ್ಷೆಗೆ ಸಿಕ್ಕಿಬಿದ್ದಾಗ ಆ ಕಂಪನಿ ಏನಾಯಿತು ನೋಡಿ. 2023ರ ಏಪ್ರಿಲ್‌ನಲ್ಲಿ ಸ್ವೀಡನ್ ಪೊಲೀಸರು ಮುಲ್ವಾಡ್ ಕಂಪನಿಯ ಆಫೀಸಿಗೆ ಸರ್ಚ್ ವಾರಂಟ್ ಹಿಡಿದು ಬಂದರು, ಬಳಕೆದಾರರ ಮಾಹಿತಿಯೇ ಇಲ್ಲದ ಕಾರಣ ಬರಿಗೈಯಲ್ಲಿ ಹೋದರು. 2017ರಲ್ಲಿ ಟರ್ಕಿಯಲ್ಲಿ ಎಕ್ಸ್‌ಪ್ರೆಸ್ ವಿಪಿಎನ್‌ನ ಸರ್ವರನ್ನು ಪೊಲೀಸರು ವಶ ಮಾಡಿಕೊಂಡಿದ್ದ ವಿಷಯ ಹೊರಬಂತು, ಅದರಲ್ಲೂ ಬೇಕಾದ ಲಾಗ್ ಸಿಗಲಿಲ್ಲ. ಇಂಥದ್ದು ಒಂದು ಇದ್ದರೆ ಹತ್ತು ಜಾಹೀರಾತಿಗಿಂತ ಜಾಸ್ತಿ. ಅದಿಲ್ಲದಿದ್ದರೆ ಹೊರಗಿನವರಿಂದ ಲಾಗ್ ಆಡಿಟ್ ಮಾಡಿಸಿದ್ದಾರಾ, ಯಾವ ವರ್ಷ ಮಾಡಿಸಿದ್ದು, ವರದಿ ಓದಲು ಕೊಟ್ಟಿದ್ದಾರಾ ಅಂತ ನೋಡಿ. ಆಡಿಟ್ ಅಂದರೆ ಆ ದಿನದ ಫೋಟೊ, ಹಾಗಾಗಿ ಐದು ವರ್ಷ ಹಳೆಯ ಒಂದೇ ಆಡಿಟ್ ತೋರಿಸುವವರನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಾಲೀಕರು ಯಾರು ಅಂತಲೂ ಹುಡುಕಿ. ಸೈಬರ್‌ಗೋಸ್ಟ್, ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್, ಎಕ್ಸ್‌ಪ್ರೆಸ್ ವಿಪಿಎನ್ ಮೂರನ್ನೂ ಕೊಂಡದ್ದು ಕೇಪ್ ಟೆಕ್ನಾಲಜೀಸ್ ಅನ್ನುವ ಒಂದೇ ಕಂಪನಿ. ವಿಪಿಎನ್‌ಗಳಿಗೆ ನಂಬರ್ ಕೊಡುವ ವಿಪಿಎನ್‌ಮೆಂಟರ್ ಅನ್ನುವ ರಿವ್ಯೂ ಸೈಟನ್ನೂ 2021ರಲ್ಲಿ ಅದೇ ಕಂಪನಿ ಕೊಂಡಿತು. ಬೇರೆ ಎಷ್ಟೋ ರಿವ್ಯೂ ಸೈಟುಗಳಿಗೆ ಕೂಡ ನೀವು ಅವರ ಲಿಂಕ್ ಒತ್ತಿ ಕೊಂಡರೆ ಕಮಿಷನ್ ಇದೆ. "ಟಾಪ್ 10" ಪಟ್ಟಿ ನೋಡಿ ಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಈಗ ಸ್ಪೀಡ್. ಇದರಲ್ಲಿ ನಮ್ಮ ಕಡೆಯವರಿಗೆ ಗೊತ್ತಿರಬೇಕಾದ ಒಂದು ಸಂಗತಿ ಇದೆ. 2022ರ ಏಪ್ರಿಲ್ 28ರಂದು ಭಾರತದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸಿಇಆರ್‌ಟಿ-ಇನ್ ಒಂದು ಆದೇಶ ಹೊರಡಿಸಿತು. ವಿಪಿಎನ್ ಕೊಡುವವರು ಗಿರಾಕಿಯ ಹೆಸರು, ವಿಳಾಸ, ಫೋನ್ ನಂಬರ್, ಕೊಟ್ಟ ಐಪಿ ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು ಅಂತ. ಲಾಗ್ ಇಡುವುದಿಲ್ಲ ಅನ್ನುವ ಮಾತಿಗೂ ಇದಕ್ಕೂ ಹೊಂದುವುದಿಲ್ಲ. ಎಕ್ಸ್‌ಪ್ರೆಸ್, ಸರ್ಫ್‌ಶಾರ್ಕ್, ನಾರ್ಡ್, ಪ್ರೋಟಾನ್ ಎಲ್ಲರೂ ಆ ವರ್ಷವೇ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದರು. ಹಾಗಾದರೆ ಆ್ಯಪಿನ ಪಟ್ಟಿಯಲ್ಲಿ ಈಗಲೂ "ಇಂಡಿಯಾ" ಅಂತ ಕಾಣುವುದು ಏನು? ಅದು ವರ್ಚುವಲ್ ಸರ್ವರ್. ಐಪಿ ಭಾರತದ್ದು, ಪೆಟ್ಟಿಗೆ ಕುಳಿತಿರುವುದು ಸಿಂಗಾಪುರದಲ್ಲೋ ಲಂಡನ್ನಿನಲ್ಲೋ.

ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕಾಸರಗೋಡಿನಿಂದ ಸಿಂಗಾಪುರಕ್ಕೆ ನೇರ ಗೆರೆ ಎಳೆದರೂ 3 ಸಾವಿರ ಕಿಲೋಮೀಟರಿಗಿಂತ ಜಾಸ್ತಿ, ಹೋಗಿ ಬರಲು ಕಡಿಮೆ ಅಂದರೂ 30 ಮಿಲಿಸೆಕೆಂಡ್ ಬೇಕು. ಕೇಬಲ್ ನೇರ ಹೋಗುವುದಿಲ್ಲ, ನಡುವೆ ಹತ್ತಾರು ಕಡೆ ನಿಂತು ಹೋಗಬೇಕು, ಹಾಗಾಗಿ ನಿಜದಲ್ಲಿ ಅದರ ಎರಡರಷ್ಟೋ ಇನ್ನೂ ಹೆಚ್ಚೋ ಆಗುತ್ತದೆ. ಬದಿಯಡ್ಕದಿಂದ ಕಾಸರಗೋಡು ಪೇಟೆಗೆ ಹೊರಟವರು ಮಡಿಕೇರಿಗೆ ಹೋಗಿ ಬಂದ ಹಾಗೆ. ಗಾಡಿ ಎಷ್ಟೇ ಒಳ್ಳೆಯದಿರಲಿ, ದಾರಿ ಉದ್ದ ಆದರೆ ಹೊತ್ತು ಹಿಡಿಯುತ್ತದೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂಥವರು ಜನ ಜಾಸ್ತಿ ನೋಡುವ ವಿಡಿಯೊಗಳನ್ನು ನೆಟ್ ಕಂಪನಿಗಳ ಜಾಗದಲ್ಲೇ, ನಮ್ಮ ಹತ್ತಿರವೇ ಇಟ್ಟಿರುತ್ತಾರೆ. ಸಿಂಗಾಪುರದ ಸರ್ವರಿಗೆ ಸೇರಿಕೊಂಡರೆ ಅವರು ನಿಮ್ಮನ್ನು ಅಲ್ಲಿಯವರು ಅಂದುಕೊಂಡು ಅಲ್ಲಿಂದ ಕಳಿಸುತ್ತಾರೆ. ಪಕ್ಕದಲ್ಲೇ ಇದ್ದದ್ದು ಸಮುದ್ರ ದಾಟಿ ಬರುತ್ತದೆ.

ಒಂದು ಸಂಜೆ ನಮ್ಮ ಮನೆಯಲ್ಲೇ ನೋಡಿದೆ. ರೂಟರ್ ಪಕ್ಕ ಕುಳಿತು, ಎಂಟು ಗಂಟೆಗೆ, ಊರಿನವರೆಲ್ಲ ಮನೆಯಲ್ಲಿ ಫೋನ್ ಹಿಡಿದಿರುವ ಹೊತ್ತಿಗೆ. ವಿಪಿಎನ್ ಇಲ್ಲದಾಗ ಪಿಂಗ್, ಅಂದರೆ ಒಮ್ಮೆ ಹೋಗಿ ಬರುವ ಹೊತ್ತು, 20 ಮಿಲಿಸೆಕೆಂಡಿನ ಆಸುಪಾಸು. ಸಿಂಗಾಪುರಕ್ಕೆ ಹಾಕಿದಾಗ 80 ದಾಟಿತು. ನೆದರ್‌ಲ್ಯಾಂಡ್ಸ್‌ಗೆ ಹಾಕಿದಾಗ 180. ಡೌನ್‌ಲೋಡ್ ಅಷ್ಟೇನೂ ಬೀಳಲಿಲ್ಲ, ಆದರೆ ವಿಡಿಯೊ ಕಾಲ್‌ನಲ್ಲಿ ಮಾತಿಗೂ ತುಟಿಗೂ ತಾಳ ತಪ್ಪಿತು. ಆಮೇಲೆ ಪ್ರೋಟೊಕಾಲ್, ಅಂದರೆ ಆ ಮುಚ್ಚಿದ ದಾರಿ ಕಟ್ಟುವ ಕ್ರಮ, ಬದಲಿಸಿದೆ. ಓಪನ್‌ವಿಪಿಎನ್ (ಟಿಸಿಪಿ) ಅನ್ನುವ ಹಳೆಯ ಕ್ರಮದಲ್ಲಿದ್ದದ್ದನ್ನು ವೈರ್‌ಗಾರ್ಡ್ ಅನ್ನುವ ಹೊಸದಕ್ಕೆ ಹಾಕಿದಾಗ ಅದೇ ಸರ್ವರ್, ಅದೇ ಹೊತ್ತು, ಡೌನ್‌ಲೋಡ್ ಕಣ್ಣಿಗೆ ಕಾಣುವಷ್ಟು ಏರಿತು. ವೈರ್‌ಗಾರ್ಡ್ 2020ರಿಂದ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನೊಳಗೇ ಇದೆ, ಕೋಡ್ ಚಿಕ್ಕದು, ಫೋನಿನ ಬ್ಯಾಟರಿಗೂ ಹಗುರ. ನಾರ್ಡ್‌ನವರ ನಾರ್ಡ್‌ಲಿಂಕ್ಸ್ ಕೂಡ ಅದರ ಮೇಲೆಯೇ ಕಟ್ಟಿದ್ದು. ಸೆಟ್ಟಿಂಗಿನಲ್ಲಿ ಒಮ್ಮೆ ನೋಡಿ ಬದಲಿಸಿ, "ಸ್ಪೀಡ್ ಅರ್ಧ ಆಯಿತು" ಅನ್ನುವವರಲ್ಲಿ ಎಷ್ಟೋ ಜನರ ತೊಂದರೆ ಅಲ್ಲೇ ಇರುತ್ತದೆ.

ಇನ್ನೊಂದು ಪರೀಕ್ಷೆ ಮಳೆಗಾಲದಲ್ಲಿ ತಾನಾಗಿಯೇ ಆಗುತ್ತದೆ. ಕರೆಂಟ್ ಹೋಯಿತು, ರೂಟರ್ ಆಫ್, ಫೋನ್ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹಾರಿತು. ರೇಂಜ್ ಸರಿ ಇಲ್ಲದಿದ್ದರೆ ವಿಪಿಎನ್ ಮತ್ತೆ ಸೇರಿಕೊಳ್ಳಲು ಇನ್ನೂ ತಡ. ಆ ನಡುವಿನ ಕೆಲವು ಸೆಕೆಂಡಿನಲ್ಲಿ ನಿಮ್ಮ ನೆಟ್ ತೆರೆದೇ ಓಡಬಹುದು. ಅದನ್ನು ತಡೆಯುವುದಕ್ಕೆ ಕಿಲ್ ಸ್ವಿಚ್ ಇರುವುದು. ಆ್ಯಂಡ್ರಾಯ್ಡ್‌ನಲ್ಲಿ ಫೋನಿನ ವಿಪಿಎನ್ ಸೆಟ್ಟಿಂಗಿಗೇ ಹೋಗಿ, ವಿಪಿಎನ್ ಯಾವಾಗಲೂ ಆನ್ ಇರಲಿ ಅನ್ನುವುದನ್ನೂ ವಿಪಿಎನ್ ಇಲ್ಲದೆ ಕನೆಕ್ಷನ್ ಬೇಡ ಅನ್ನುವುದನ್ನೂ ಹಾಕಿಡಬಹುದು. ಡಿಎನ್‌ಎಸ್ ಅಂದರೆ ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ; ಅಲ್ಲಿ ಸೋರಿಕೆ ಇದೆಯಾ ಅಂತ ನೋಡಲು ಡಿಎನ್‌ಎಸ್ ಲೀಕ್ ಟೆಸ್ಟ್ ಅಂತ ಹುಡುಕಿ, ವಿಪಿಎನ್ ಹಾಕಿಕೊಂಡು ಒತ್ತಿ. ಅಲ್ಲಿ ನಿಮ್ಮ ನೆಟ್ ಕಂಪನಿಯ ಹೆಸರು ಕಂಡರೆ ಆ ವಿಪಿಎನ್ ಬೇಡ.

ಬ್ಯಾಂಕ್ ಆ್ಯಪಿನ ಜೊತೆ ಮಾತ್ರ ಹುಷಾರು. ನಾನು ವಿಪಿಎನ್ ಹಾಕಿದ್ದು ಮರೆತು ಬ್ಯಾಂಕಿಗೆ ಲಾಗಿನ್ ಆದೆ, ಬೇರೆ ದೇಶದಿಂದ ಯಾರೋ ಬಂದಿದ್ದಾರೆ ಅಂತ ಅವರು ಲಾಕ್ ಮಾಡಿದರು, ಬಿಡಿಸಿಕೊಳ್ಳಲು ಆಧಾರ್ ಹಿಡಿದು ಬ್ರಾಂಚಿಗೆ ಹೋಗಿ ಒಂದು ಬೆಳಗ್ಗೆ ಪೂರ್ತಿ ಕಳೆಯಬೇಕಾಯಿತು. ಸರ್ಕಾರಿ ಸೈಟುಗಳಲ್ಲಿಯೂ ಕೆಲವು ಹೊರದೇಶದ ಐಪಿಗೆ ತೆರೆಯುವುದಿಲ್ಲ. ಇದಕ್ಕೆ ಸ್ಪ್ಲಿಟ್ ಟನಲಿಂಗ್ ಅಂತ ಒಂದು ಸೌಲಭ್ಯ ಇದೆ, ನೀವು ಹೇಳಿದ ಆ್ಯಪ್‌ಗಳು ಮಾತ್ರ ವಿಪಿಎನ್ ಬಿಟ್ಟು ನೇರ ಹೋಗುತ್ತವೆ. ಆ್ಯಂಡ್ರಾಯ್ಡ್ ಇದ್ದವರು ಇದು ಇಲ್ಲದ ಸೇವೆಗೆ ದುಡ್ಡು ಕೊಡಬೇಡಿ. ಆದರೆ ಮೇಲೆ ಹೇಳಿದ ವಿಪಿಎನ್ ಇಲ್ಲದೆ ಕನೆಕ್ಷನ್ ಬೇಡ ಅನ್ನುವುದು ಆನ್ ಇದ್ದರೆ ಹೀಗೆ ಹೊರಗಿಟ್ಟ ಆ್ಯಪ್‌ಗಳಿಗೆ ನೆಟ್ಟೇ ಸಿಗದೆ ಹೋಗಬಹುದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

"ಯೂಟ್ಯೂಬ್ ತೆರೆದರೆ ಬರೀ ಮಲಯಾಳಂ ಜಾಹೀರಾತು, ವಿಪಿಎನ್ ಹಾಕಿದರೆ ಹೋಗುತ್ತದಾ" ಅಂತ ಕುಂಬಳೆ, ಉಪ್ಪಳ ಕಡೆಯವರು ತುಂಬ ಕೇಳುತ್ತಾರೆ. ಆ ಬೇಸರ ನನಗೂ ಇದೆ. ಗಡಿನಾಡಿನಲ್ಲಿ ಕನ್ನಡ ಉಳಿಸಿಕೊಂಡು ಬಂದವರಿಗೆ ಫೋನ್ ಕೂಡ ನೀವು ಕನ್ನಡದವರಲ್ಲ ಅಂದರೆ ಚುಚ್ಚುತ್ತದೆ. ಆದರೆ ವಿಪಿಎನ್ ಒಂದರಿಂದ ಆಗುವ ಕೆಲಸ ಇದಲ್ಲ. ನೀವು ಗೂಗಲ್‌ಗೆ ಲಾಗಿನ್ ಆಗಿದ್ದೀರಿ, ಲೊಕೇಶನ್ ಆನ್ ಇದೆ, ಹಿಂದೆ ನೋಡಿದ್ದೆಲ್ಲ ಅವರಲ್ಲಿದೆ. ಅಕೌಂಟಿನ ಭಾಷೆ ಕನ್ನಡ ಮಾಡಿ, ಯೂಟ್ಯೂಬ್‌ಗೆ ಕೊಟ್ಟ ಲೊಕೇಶನ್ ಅನುಮತಿ ತೆಗೆಯಿರಿ, ಬೇಡದ ವಿಡಿಯೊ ಬಂದರೆ ಆಸಕ್ತಿ ಇಲ್ಲ ಅಂತ ಒತ್ತಿ. ಅಷ್ಟು ಮಾಡಿದರೆ ವ್ಯತ್ಯಾಸ ಕಾಣುತ್ತದೆ.

ಗಲ್ಫಿನಲ್ಲಿ ಮನೆಯವರಿರುವವರಿಗೆ ಒಂದು ಮಾತು. ಯುಎಇಯಲ್ಲಿ ವಾಟ್ಸಾಪ್ ಕಾಲ್ ಆಗುವುದಿಲ್ಲ ಅಂತ ಅಲ್ಲಿಯವರಿಗೆ ಇಲ್ಲಿಂದಲೇ ಯಾವುದೋ ವಿಪಿಎನ್ ಹೇಳಿಕೊಡುತ್ತೇವೆ. ಅಲ್ಲಿಯ 2021ರ ಸೈಬರ್ ಕಾನೂನಿನಲ್ಲಿ, ಅಪರಾಧ ಮಾಡಲು ಅಥವಾ ಮುಚ್ಚಲು ವಿಪಿಎನ್‌ನಂಥ ದಾರಿಯಿಂದ ಐಪಿ ಮರೆಮಾಡಿದರೆ ಜೈಲು, 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ ಇದೆ. ಭಾವನೋ ತಮ್ಮನೋ ಅಲ್ಲಿ ದುಡಿಯುತ್ತಿದ್ದರೆ ಅಲ್ಲಿ ಅನುಮತಿ ಇರುವ ಕಾಲಿಂಗ್ ಆ್ಯಪ್ ಹಾಕಿಕೊಳ್ಳಲು ಹೇಳಿ.

ಬದಿಯಡ್ಕದ ಅಕ್ಕನಿಗೆ ಈಗ ನೇರ ಉತ್ತರ. ಮೊದಲು ದುಡ್ಡು ಖರ್ಚಿಲ್ಲದ ಕೆಲಸ: ಆ್ಯಂಡ್ರಾಯ್ಡ್ 9 ಅಥವಾ ಆಮೇಲಿನ ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಸೆಟ್ಟಿಂಗ್ ಇದೆ, ಅದರಲ್ಲಿ ಕೇಬಲ್‌ನವರದ್ದಲ್ಲದ ಒಂದು ಡಿಎನ್‌ಎಸ್ ಸೇವೆಯ ಹೆಸರು ಹಾಕಿ. ಯಾವ ಸೈಟಿನ ವಿಳಾಸ ಕೇಳಿದಿರಿ ಅನ್ನುವುದು ಅದರಿಂದ ಮುಚ್ಚುತ್ತದೆ, ಸ್ಪೀಡಿಗೆ ಏನೂ ಆಗುವುದಿಲ್ಲ. ಪೂರ್ತಿ ಮುಚ್ಚುವುದಿಲ್ಲ, ಸೈಟಿನ ಹೆಸರು ಬೇರೆ ದಾರಿಯಿಂದ ಕಾಣಬಹುದು. ಅಷ್ಟು ಸಾಲದು ಅನಿಸಿದರೆ ಪ್ರೋಟಾನ್ ಫ್ರೀ ಹಾಕಿ ಒಂದು ವಾರ ನೋಡಿ. ಆಮೇಲೂ ಬೇಕು ಅನಿಸಿದರೆ ಒಂದು ತಿಂಗಳಿನದ್ದು ಮಾತ್ರ ಕೊಳ್ಳಿ, ಮುಲ್ವಾಡ್ ಆದರೆ ತಿಂಗಳಿಗೆ 5 ಯೂರೊ, ಹೆಸರು ಇಮೇಲ್ ಏನೂ ಕೇಳುವುದಿಲ್ಲ. ಎರಡು ವರ್ಷದ ಆಫರ್ ಅಗ್ಗ ಕಾಣುತ್ತದೆ, ರಿನ್ಯೂ ಆಗುವಾಗಿನ ರೇಟು ಎಷ್ಟು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದದೆ ಆಟೋಪೇ ಒಪ್ಪಬೇಡಿ.

ಮಗಳ ಕ್ಲಾಸಿನ ಆ್ಯಪನ್ನು ವಿಪಿಎನ್‌ನಿಂದ ಹೊರಗಿಡಿ, ಆ ಸೌಲಭ್ಯ ಇಲ್ಲದ ಪ್ಲಾನ್ ಆದರೆ ಕ್ಲಾಸಿನ ಹೊತ್ತಿಗೆ ವಿಪಿಎನ್ ಆಫ್ ಮಾಡಿ. ಅದು ನೇರ ಹೋಗಲಿ, ಅವಳ ಟೀಚರ ಮಾತು ತಡವರಿಸುವುದಿಲ್ಲ.