ಕೋಳಿಮರಿ ಮೊದಲ ವಾರದಲ್ಲೇ ಯಾಕೆ ಸಾಯುತ್ತವೆ?

ಪ್ರಶ್ನೆ: ನಾವು ವಿಜಯಪುರ ಕಡೆಯವರು, ಈಗ ಪುಣೆಯಲ್ಲಿದ್ದೇವೆ. ಮುಳಶಿ ಹತ್ತಿರ 10 ಗುಂಟೆ ಜಾಗದಲ್ಲಿ ತರಕಾರಿ ಬೆಳೆಯುತ್ತೇವೆ. ಡಿಸೆಂಬರ್‌ನಲ್ಲಿ 30 ಕೋಳಿಮರಿ ತಂದೆವು. ಬಲ್ಬ್ ಹಾಕಿದ್ದೆವು, ಕಾಳು-ನೀರು ಇಟ್ಟಿದ್ದೆವು. ವಾರದೊಳಗೆ ಅರ್ಧ ಸತ್ತವು. ಯಾವ ಔಷಧಿ ಕೊಡಬೇಕು ಅಕ್ಕಾ?

ಉತ್ತರ: ಔಷಧಿ ಆಮೇಲೆ. ಮೊದಲು ಆ ಬಲ್ಬ್ ಯಾವುದು ನೋಡಿ. ಎಲ್‌ಇಡಿ ಆಗಿದ್ದರೆ ಮರಿಗಳಿಗೆ ಬೆಳಕು ಸಿಕ್ಕಿತು, ಕಾವು ಸಿಗಲಿಲ್ಲ. ಈಗ ಎಲ್ಲರ ಮನೆಯಲ್ಲೂ ಅದೇ ಇರುವುದರಿಂದ ಈ ತೊಂದರೆ ಜಾಸ್ತಿ. ಡಿಸೆಂಬರ್ ರಾತ್ರಿ ಪುಣೆಯಲ್ಲಿ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಮೊದಲ ವಾರದ ಮರಿಗೆ ಬೇಕಾದದ್ದು 32ರಿಂದ 35 ಡಿಗ್ರಿ. ಅದರ ಮೈಮೇಲೆ ಇರುವುದು ಬರೀ ನಯವಾದ ತುಪ್ಪಳ. ಗರಿ ಬರುವವರೆಗೆ ಮೈ ಬೆಚ್ಚಗಿಟ್ಟುಕೊಳ್ಳಲು ಅದಕ್ಕೆ ಆಗುವುದಿಲ್ಲ.

ಹಳೆಯ ತಂತಿ ಬಲ್ಬ್ ಹಾಕಿ. ಮರಿಗೆ 2 ವ್ಯಾಟ್ ಲೆಕ್ಕ, ಅಂದರೆ 30 ಮರಿಗೆ 60 ವ್ಯಾಟ್. ಚಳಿಗಾಲಕ್ಕೆ ಇನ್ನೊಂದು ಜೊತೆಗಿರಲಿ. ವಾರಕ್ಕೆ ಸುಮಾರು 3 ಡಿಗ್ರಿಯಂತೆ ಕಾವು ಇಳಿಸುತ್ತಾ ಬನ್ನಿ, ಬಲ್ಬ್ ಸ್ವಲ್ಪ ಮೇಲೆತ್ತಿದರೆ ಸಾಕು. ಥರ್ಮಾಮೀಟರ್‌ಗಿಂತ ಮರಿಗಳನ್ನೇ ನಂಬುತ್ತೇನೆ ನಾನು. ಬಲ್ಬ್ ಕೆಳಗೆ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಚಳಿ. ಹಾಗೆ ಒತ್ತಿಕೊಂಡಾಗ ಕೆಳಗಿನವು ಉಸಿರುಗಟ್ಟಿಯೂ ಸಾಯುತ್ತವೆ. ದೂರ ಓಡಿ ಬಾಯಿ ತೆರೆದು ಏದುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಮೂಲೆ ಸೇರಿದ್ದರೆ ಎಲ್ಲಿಂದಲೋ ಗಾಳಿ ಬರುತ್ತಿದೆ. ಹರಡಿಕೊಂಡು ಆರಾಮಾಗಿ ಮಲಗಿದ್ದರೆ ಸರಿಯಿದೆ. ರಾತ್ರಿ ಮಲಗುವ ಮುಂಚೆ ಒಮ್ಮೆ ಹೋಗಿ ನೋಡಲೇಬೇಕು. ಕರೆಂಟ್ ಹೋಗುವುದೂ ಆಗಲೇ ಅಲ್ವಾ? ಬಲ್ಬಿನ ಗೋಜೇ ಬೇಡ ಎಂದರೆ, ಪಕ್ಕದ ಹಳ್ಳಿಯಲ್ಲಿ ಯಾರದ್ದಾದರೂ ಜವಾರಿ ಕೋಳಿ ಕಾವಿಗೆ ಕೂತಿದ್ದರೆ ಕೇಳಿ ನೋಡಿ. ಒಂದು ದಿನದ ಮರಿಗಳನ್ನು ಕತ್ತಲಾದ ಮೇಲೆ ಮೆಲ್ಲಗೆ ಅದರ ರೆಕ್ಕೆಯಡಿ ಸೇರಿಸಿದರೆ ಸಾಮಾನ್ಯವಾಗಿ ತನ್ನವೆಂದೇ ಸಾಕುತ್ತದೆ. ಒಂದು ಕೋಳಿಗೆ 10 ಮರಿ ಸಾಕು.

ತಂದ ತಕ್ಷಣ ಬೆಲ್ಲ ಕರಗಿಸಿದ ಉಗುರುಬೆಚ್ಚಗಿನ ನೀರು ಕೊಡಿ. ಪ್ರತಿ ಮರಿಯ ಕೊಕ್ಕನ್ನು ಒಮ್ಮೆ ನೀರಿಗೆ ಮುಟ್ಟಿಸಿ. ಅವು ಕುಡಿದ ಮೇಲೆ ಮರಿಗಳ ಸ್ಟಾರ್ಟರ್ ಫೀಡ್ ಹಾಕಿ. ಬರೀ ನುಚ್ಚು ಸಾಲದು, ಈ ವಯಸ್ಸಿಗೆ 20% ಪ್ರೋಟೀನ್ ಬೇಕು. ನೀರಿನ ತಟ್ಟೆ ಆಳವಿದ್ದರೆ ಕಲ್ಲು ಹಾಕಿಡಿ, ಮುಳುಗಿ ಸಾಯುವುದುಂಟು.

ಇಷ್ಟೆಲ್ಲ ಸರಿಯಿದ್ದರೆ ಆಮೇಲೆ ಔಷಧಿಯ ಮಾತು. ರಾಣಿಖೇತ್, ಅಂದರೆ ನಮ್ಮ ಕೊಕ್ಕರೆ ರೋಗದ ಲಸಿಕೆಯನ್ನು 5ರಿಂದ 7ನೇ ದಿನದಲ್ಲಿ ಕಣ್ಣಿಗೆ ಹನಿ ಹಾಕಿಸಿ. ರೋಗ ಬಂದ ಮೇಲೆ ಮದ್ದಿಲ್ಲ. 3ನೇ ವಾರದ ನಂತರ ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಇರಬಹುದು, ಆಗ ತಡಮಾಡದೆ ಪಶುವೈದ್ಯರನ್ನು ಕಾಣಿ. ಒದ್ದೆ ಹಾಸಿನಲ್ಲಿ ಅದು ಬೇಗ ಹರಡುತ್ತದೆ. ಮುಳಶಿಯ ಮಳೆಗಾಲದಲ್ಲಿ ಮರಿಗಳ ಕೆಳಗೆ ಹಾಸುವ ಭತ್ತದ ಹೊಟ್ಟು ಒಣಗಿಯೇ ಇರುವುದಿಲ್ಲ, ಹಾಗಾಗಿ ಜೂನ್-ಜುಲೈನಲ್ಲಿ ಹೊಸ ಮರಿ ತರಬೇಡಿ. ಫೆಬ್ರವರಿ ಕೊನೆಯಲ್ಲಿ ತಂದರೆ ನಿಮಗೂ ಅವಕ್ಕೂ ಸುಲಭ.

ತೆಗೆದ ಹೊಟ್ಟನ್ನು ನೇರವಾಗಿ ಬದನೆ, ಟೊಮೆಟೊ ಬುಡಕ್ಕೆ ಸುರಿಯಬೇಡಿ. ಹಸಿ ಕೋಳಿಗೊಬ್ಬರ ಬೇರು ಸುಡುತ್ತದೆ. ಒಣ ಎಲೆಯ ಜೊತೆ ಗುಂಡಿಯಲ್ಲಿ 2-3 ತಿಂಗಳು ಕೊಳೆಯಲಿ. ಫೆಬ್ರವರಿಯ ಮರಿಗಳ ಹೊಟ್ಟು ಮಳೆಗಾಲದ ಮಡಿಗಳಿಗೆ ಸರಿಯಾಗಿ ಒದಗುತ್ತದೆ.